ಹನ್ನೆರಡು ಎಂದು ಹೇಳಿದ ಮುಳ್ಳು

ಈ ಸಲ ಮೇ ತಿಂಗಳ ಕೊನೆಗೆ ಬಿಜೈಯ ಬಸ್ ನಿಲ್ದಾಣದ ಎದುರು ನಿಂತಿದ್ದೆ. ಮದುವೆಗೆಂದು ಹೂ ಕಟ್ಟಿದ ಹಳೇ ಕಾಲದ ಕಾರೊಂದು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ನನ್ನ ಮುಂದೆಯೇ ನಿಂತಿತು. ಮದುಮಗ ಕರವಸ್ತ್ರ ಬೀಸಿ ಮದುಮಗಳಿಗೆ ಗಾಳಿ ಹಾಕುತ್ತಿದ್ದ. ಜನ ಫೋನು ಹಿಡಿದು ಫೋಟೋ ತೆಗೆದರು. ನನ್ನ ಮೂಗಿಗೆ ಬಂದದ್ದು ಬಿಸಿಯಾದ ಎಂಜಿನ್ ಎಣ್ಣೆಯ ವಾಸನೆ, ಅದರ ಜೊತೆಗೆ ಹಳೇ ಚರ್ಮದ ಸೀಟಿನ ವಾಸನೆ. ಡ್ರೈವರನ ಎದುರಿನ ಹಲಗೆಯಲ್ಲಿ ಚಿಕ್ಕದೊಂದು ದುಂಡು ಮೀಟರು. ನಾನು ಬಗ್ಗಿ ಅದರ ಮುಳ್ಳು ನೋಡಿದೆ. ಇಪ್ಪತ್ತರ ಮೇಲಿತ್ತು. ಡ್ರೈವರ್ ನನ್ನನ್ನು ಗುಮಾನಿಯಿಂದ ನೋಡಿದ. "ಎಂತ ಅಜ್ಜ?" ಎಂದ.

"ಏನಿಲ್ಲ, ಎಣ್ಣೆ ನೋಡಿದೆ" ಎಂದೆ.

ಕಾರು ಹೋಯಿತು. ನಾನು ಹತ್ತಬೇಕಾಗಿದ್ದ ಬಸ್ಸೂ ಹೋಯಿತು. ಎಂಟು ವರ್ಷ ನಾನು ಯಾರಿಗೂ ಹೇಳದ ಒಂದು ಸಂಗತಿ ಆ ವಾಸನೆಯ ಜೊತೆ ಎದ್ದು ಬಂದು ಎದೆಯಲ್ಲಿ ಕೂತಿತು. ಅದನ್ನು ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ಹತ್ತನೇ ತರಗತಿಯವರೆಗೆ, ಬರವಣಿಗೆ ನನ್ನ ಕೆಲಸವಲ್ಲ. ಆದರೆ ಇದರಲ್ಲಿ ಒಬ್ಬರ ಬುದ್ಧಿಯ ಮಾತು ಬರುತ್ತದೆ, ಆ ಬುದ್ಧಿಗೆ ನಾನು ಮಾಡಿದ ಮೋಸದ ಮಾತೂ ಬರುತ್ತದೆ. ಎರಡನ್ನೂ ನಾನೇ ಹೇಳಬೇಕು.

ನನ್ನ ಹೆಸರು ದಾಮೋದರ. ಬಂದರಿನ ದಕ್ಕೆಯಲ್ಲಿ ಎಲ್ಲರೂ ದಾಮಣ್ಣ ಎನ್ನುತ್ತಾರೆ. ನಮ್ಮದು ಕಡಲಿಗೆ ಹೋಗುವ ಕುಟುಂಬ. ನನ್ನ ಅಪ್ಪ, ಅಣ್ಣಂದಿರು ಬಲೆ ಹಿಡಿದರು. ನನಗೆ ಬಲೆಗಿಂತ ಬೋಟಿನ ಎಂಜಿನ್ ಹೆಚ್ಚು ಹಿಡಿಸಿತು. ನಲವತ್ತಕ್ಕೂ ಹೆಚ್ಚು ವರ್ಷ ಬೋಟಿನ ಎಂಜಿನ್ ರಿಪೇರಿ ಮಾಡಿದೆ. ಮನೆ ನೇತ್ರಾವತಿ ಹೊಳೆಯ ಆಚೆಯ ತೊಕ್ಕೊಟ್ಟಿನಲ್ಲಿ. ಹೆಂಡತಿ ಲೀಲಾ ಅಲ್ಲಿನ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ಮಳೆಗಾಲದ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ, ನಮ್ಮಂಥವರು ಬೇರೆ ಕೆಲಸ ಹುಡುಕುತ್ತೇವೆ. ಎಂಟು ವರ್ಷದ ಹಿಂದಿನ ಅಂಥ ಒಂದು ಮಳೆಗಾಲದಲ್ಲಿ ನಾನು ಮಣ್ಣಗುಡ್ಡದ ವಾರಿಜಾ ಟೀಚರ ಮನೆಗೆ ಹೋದೆ.

ಟೀಚರಿಗೆ ಆಗ ಎಪ್ಪತ್ತೊಂದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರ ಅಜ್ಜನವರೆಗೆ ದೇವಸ್ಥಾನದ ಪೂಜೆಯ ಕುಟುಂಬ, ಅಪ್ಪ ಶಾಲೆಯ ಹೆಡ್‌ಮಾಸ್ಟರು. ಆ ಹೆಡ್‌ಮಾಸ್ಟರು ಒಬ್ಬ ತೋಟದ ದೊರೆಯಿಂದ ಕೊಂಡ ಕಪ್ಪು ವಿಲಾಯಿತಿ ಕಾರು ಮನೆಯ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ನಿಂತಿತ್ತು. ಅಪ್ಪ ಇದ್ದಷ್ಟು ದಿನ ಹೆಣ್ಣುಮಕ್ಕಳು ಆ ಕಾರಿನ ಹಿಂದಿನ ಸೀಟಿನಲ್ಲಿ ಕೂರಬಹುದಿತ್ತು, ಸ್ಟೇರಿಂಗ್ ಮುಟ್ಟುವ ಹಾಗಿರಲಿಲ್ಲ. ಟೀಚರು ಮದುವೆಯಾಗಲಿಲ್ಲ. ನಿವೃತ್ತರಾದ ಮೇಲೆ ಅರವತ್ತನೇ ವರ್ಷದಲ್ಲಿ ಡ್ರೈವಿಂಗ್ ಕಲಿತು, ಒಂದು ಸಣ್ಣ ಹೊಸ ಕಾರು ಕೊಂಡು ಊರೆಲ್ಲ ತಿರುಗುತ್ತಿದ್ದರು. ಆದರೆ ಅವರ ಆಸೆ ಬೇರೆ.

ಮೊದಲ ದಿನವೇ ಹೇಳಿದರು: "ನೋಡಿ ದಾಮಣ್ಣ, ನನಗೆ ಇದನ್ನು ಪ್ರದರ್ಶನಕ್ಕೆ ಇಡ್ಲಿಕ್ಕಿಲ್ಲ. ಒಂದು ಸಲ ನಾನೇ ಓಡಿಸಿಕೊಂಡು ನೇತ್ರಾವತಿ ಸೇತುವೆ ದಾಟಬೇಕು. ಆಚೆ ಬದಿಯಲ್ಲಿ ಒಂದು ಚಾ ಕುಡಿದು ವಾಪಸ್ ಬರಬೇಕು. ಅಷ್ಟೇ."

"ಚಾ ನಮ್ಮ ತೊಕ್ಕೊಟ್ಟಿನಲ್ಲೇ ಕುಡಿಯುವ ಟೀಚರ್" ಎಂದೆ. "ಒಂದು ತಿಂಗಳಲ್ಲಿ ದಾಟಿಸ್ತೇನೆ."

"ನೀವು ದಾಟಿಸುವುದಲ್ಲ, ನಾನು ದಾಟಿಸುವುದು" ಎಂದರು.

ನಾವು ಮಾತಾಡುತ್ತಿದ್ದದ್ದು ಹೆಚ್ಚಾಗಿ ತುಳುವಿನಲ್ಲೇ. ಆದರೆ ಟೀಚರಿಗೆ ಏನಾದರೂ ವಿವರಿಸಲಿಕ್ಕೆ ಬಂದರೆ ಬಾಯಲ್ಲಿ ಕನ್ನಡ ತಾನಾಗಿ ಬರುತ್ತಿತ್ತು, ಮೂವತ್ತೈದು ವರ್ಷ ಕನ್ನಡದಲ್ಲಿ ಪಾಠ ಮಾಡಿದ ಅಭ್ಯಾಸ. ಅವರು ಕನ್ನಡಕ್ಕೆ ತಿರುಗಿದ ಕೂಡಲೇ ನನಗೆ ಬೆನ್ನು ನೆಟ್ಟಗೆ ಮಾಡಿ ಕೂರಬೇಕು ಎನಿಸುತ್ತಿತ್ತು.

ಅಂಥ ಶೆಡ್ಡನ್ನು ನಾನು ಬೇರೆಲ್ಲೂ ನೋಡಿಲ್ಲ. ಬಿಚ್ಚಿದ ಬೋಲ್ಟುಗಳನ್ನು ಹಾಕಲು ಹಳೇ ಬಿಸ್ಕೆಟ್ ಡಬ್ಬಿಗಳು, ಪ್ರತಿ ಡಬ್ಬಿಯ ಮೇಲೂ ಕರಿಹಲಗೆಯ ಮೇಲೆ ಬರೆದಂಥ ದುಂಡು ಅಕ್ಷರ. ದಕ್ಕೆಯಲ್ಲಿ ನಾವು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಆಮೇಲೆ ಹುಡುಕುವವರು. ಟೀಚರು ದಿನಾ ಬೆಳಿಗ್ಗೆ ಸೀರೆಯ ಮೇಲೆ ಹಳೇ ರೈನ್‌ಕೋಟು ಹಾಕಿ, ಕುರ್ಚಿ ಎಳೆದುಕೊಂಡು ಬಾನೆಟ್ಟಿನ ಪಕ್ಕ ಕೂರುತ್ತಿದ್ದರು. ಮಡಿಲಲ್ಲಿ ಒಂದು ನೋಟ್‌ಬುಕ್, ಅದರಲ್ಲಿ ತಾರೀಕು, ಮಾಡಿದ ಕೆಲಸ, ಕಂಡದ್ದು. ಎಂಜಿನ್ನಿನ ಒಳಗಿನ ಶಬ್ದ ಕೇಳಲು ನಾವು ಸ್ಕ್ರೂಡ್ರೈವರ್ ಕಿವಿಗೆ ಇಟ್ಟುಕೊಳ್ಳುತ್ತೇವೆ. ನಾನು ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಿಂದ ತಿರುಗಿಸುವಾಗ ಅವರು ಶಾಲೆಯಿಂದ ತಂದ ಮರದ ಅಡಿಪಟ್ಟಿಯ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಎರಡು ವಾರದಲ್ಲಿ ನಾಲ್ಕು ಸಿಲಿಂಡರುಗಳ ಶಬ್ದ ಬೇರೆ ಬೇರೆಯಾಗಿ ಗುರುತಿಸಲು ಕಲಿತರು. ನನಗೆ ಅದಕ್ಕೆ ಎರಡು ವರ್ಷ ಹಿಡಿದಿತ್ತು.

ಒಂದು ದಿನ ಮಳೆ ಜೋರಾಗಿ ಹೊಯ್ಯುತ್ತಿತ್ತು, ಶೆಡ್ಡಿನ ಶೀಟಿನ ಸದ್ದಿಗೆ ಎಂಜಿನ್ ತಿರುಗಿಸಿದರೂ ಕೇಳುತ್ತಿರಲಿಲ್ಲ. ಕೆಲಸ ನಿಲ್ಲಿಸಿ ಕೂತೆವು. ಟೀಚರು ಕೆಸುವಿನ ಎಲೆಯ ಪತ್ರೊಡೆ ತಂದು ಕೊಟ್ಟು ಕೇಳಿದರು: "ದಾಮಣ್ಣ, ಈ ಮೀಟರು ಎಂತ ತೋರಿಸ್ತದೆ?"

"ಎಣ್ಣೆಯ ಪ್ರೆಶರು."

"ಪ್ರೆಶರ್ ಅಂದರೆ ಎಂತ?"

"ಎಣ್ಣೆಯ ಬಲ ಟೀಚರ್. ಮುಳ್ಳು ಮೇಲಿದ್ದರೆ ಎಣ್ಣೆ ಚೆನ್ನಾಗಿ ಹೋಗ್ತಾ ಉಂಟು, ಕೆಳಗಿದ್ದರೆ ಇಲ್ಲ."

"ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಎಷ್ಟು ಬಂದಿತ್ತು ನಿಮಗೆ?"

"ಮೂವತ್ತೈದು."

"ಕೊಟ್ಟವರು ಪಾಪದವರು" ಎಂದು ನಕ್ಕರು. ಆಮೇಲೆ ಕನ್ನಡಕ್ಕೆ ಇಳಿದರು. "ನೀವು ಸಂಜೆ ಮನೆಗೆ ಹೋಗುವ ಬಸ್ಸು ನೆನಪು ಮಾಡಿಕೊಳ್ಳಿ. ಬಾಗಿಲಲ್ಲಿ ನೂಕು ಯಾವಾಗ ಹೆಚ್ಚು? ಜನ ಸರಾಗ ಹತ್ತುವಾಗಲಾ, ಹತ್ತಲಿಕ್ಕೆ ಆಗದೆ ಇರುವಾಗಲಾ?"

"ಹತ್ತಲಿಕ್ಕೆ ಆಗದಾಗ."

"ಹಾಗಾದರೆ ಬಾಗಿಲಲ್ಲಿ ನಿಂತವನ ಬೆನ್ನಿಗೆ ಎಷ್ಟು ನೂಕು ಬೀಳ್ತದೆ ಅಂತ ನೋಡಿ, ಹಿಂದಿನ ಸೀಟಿಗೆ ಎಷ್ಟು ಜನ ಮುಟ್ಟಿದರು ಅಂತ ಹೇಳಬಹುದಾ? ಪಂಪು ಎಣ್ಣೆಯನ್ನು ತಳ್ತದೆ, ಅಷ್ಟೇ ಅದರ ಕೆಲಸ. ಒತ್ತಡ ಹುಟ್ಟುವುದು ಎಣ್ಣೆಗೆ ಮುಂದೆ ದಾರಿ ಇಕ್ಕಟ್ಟಾದಾಗ. ಬೇರಿಂಗಿನ ಸಂದು ಸರಿಯಾಗಿ ಸಣ್ಣದಿದ್ದರೆ ಮುಳ್ಳು ಮೇಲೆ ನಿಲ್ತದೆ. ಬೇರಿಂಗ್ ಸವೆದು ಸಂದು ದೊಡ್ಡದಾದರೆ ಎಣ್ಣೆ ಸುಮ್ಮನೆ ಸೋರಿ ಹೋಗ್ತದೆ, ಮುಳ್ಳು ಕೆಳಗೆ ಬರ್ತದೆ. ಎಣ್ಣೆಯೇ ದಪ್ಪ ಇದ್ದರೆ? ಆಗ ಬೇರಿಂಗ್ ಸವೆದಿದ್ದರೂ ಮುಳ್ಳು ಮೇಲೆಯೇ. ಆದರೆ ದೂರದ ಬೇರಿಂಗಿಗೆ ಹೊತ್ತಿಗೆ ಸರಿಯಾಗಿ ಎಣ್ಣೆ ಮುಟ್ಟಿರುವುದಿಲ್ಲ."

ನಲವತ್ತು ವರ್ಷ ಎಣ್ಣೆಯಲ್ಲಿ ಕೈ ಅದ್ದಿದವನು ನಾನು. ಯಾವ ರೋಗಕ್ಕೆ ಯಾವ ಮದ್ದು ಎಂದು ಗೊತ್ತಿತ್ತು, ಯಾಕೆ ಎಂದು ಗೊತ್ತಿರಲಿಲ್ಲ. ಆ ದಿನ ಒಂದು ಪತ್ರೊಡೆ ತಿಂದು ಮುಗಿಸುವಷ್ಟರಲ್ಲಿ ನಾನು ಈವರೆಗೆ ಮುಟ್ಟಿದ ಎಂಜಿನ್‌ಗಳೆಲ್ಲ ತಲೆಯಲ್ಲಿ ಮತ್ತೊಮ್ಮೆ ಓಡಿದವು. ಟೀಚರು ಕಾರಿನ ಒಂದು ಬೋಲ್ಟನ್ನೂ ಬಿಚ್ಚಿದವರಲ್ಲ. ಆದರೆ ಅದರ ಒಳಗೆ ಎಣ್ಣೆ ನಡೆಯುವ ದಾರಿಯನ್ನು ತಮ್ಮ ಮನೆಯ ಅಂಗಳದ ಹಾಗೆ ತಿಳಿದುಕೊಂಡಿದ್ದರು. ಅವರ ಮೇಲೆ ನನಗೆ ಹುಟ್ಟಿದ ಗೌರವ ಈವರೆಗೂ ಒಂದು ಕೂದಲಷ್ಟೂ ಕಡಿಮೆಯಾಗಿಲ್ಲ. ನಾನು ಮಾಡಿದ್ದನ್ನು ಕೇಳಿದ ಮೇಲೆ ನಿಮಗೆ ಈ ಮಾತು ನಂಬಲು ಕಷ್ಟವಾಗಬಹುದು.

ಎಂಜಿನ್ ಬಿಚ್ಚಿ ಒಳಗಿನ ಬೇರಿಂಗ್‌ಗಳನ್ನು ಹೊಸದು ಹಾಕಿದ್ದೆ. ಅವು ಹಿಡಿದುಕೊಳ್ಳುವ ದಪ್ಪ ಕಬ್ಬಿಣದ ದಂಡ, ನಾವು ಕ್ರ್ಯಾಂಕ್ ಎನ್ನುವುದು, ಸಮ ದುಂಡಗಿರಬೇಕು. ಟೀಚರು ಕೇಳಿದ್ದರು: "ಅಳೆದಿರಾ?" ನಾನು ಅದರ ಮೇಲೆ ಹೆಬ್ಬೆರಳ ಉಗುರು ಎಳೆದು ತೋರಿಸಿ, "ನಲವತ್ತು ವರ್ಷದ ಕೈ ಟೀಚರ್, ತಪ್ಪುವುದಿಲ್ಲ" ಎಂದಿದ್ದೆ. ದಕ್ಕೆಯಲ್ಲಿ ನಾವು ಹೀಗೆಯೇ ಅಳೆಯುತ್ತೇವೆ. ಅವರು ಒಂದು ಗಳಿಗೆ ನನ್ನ ಉಗುರನ್ನೇ ನೋಡಿ, ನೋಟ್‌ಬುಕ್ಕಿನಲ್ಲಿ "ಅಳತೆ: ದಾಮಣ್ಣನ ಕೈ" ಎಂದು ಬರೆದರು. ಅದು ತಮಾಷೆಯೋ ನಂಬಿಕೆಯೋ ಎಂದು ನನಗೆ ಆಗ ತಿಳಿಯಲಿಲ್ಲ. ಅದು ನಂಬಿಕೆ.

ಜುಲೈ ಮಧ್ಯಕ್ಕೆ ಎಂಜಿನ್ ಶುರುವಾಯಿತು. ಮೂವತ್ತು ವರ್ಷ ಸುಮ್ಮನಿದ್ದದ್ದು ಕೆಮ್ಮಿ, ಹೊಗೆ ಬಿಟ್ಟು, ಆಮೇಲೆ ಸಮನಾಗಿ ಓಡಿತು. ಟೀಚರು ರೈನ್‌ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡರು. ಶುರುವಿಗೆ ಮುಳ್ಳು ಅರವತ್ತಕ್ಕೆ ಹೋಯಿತು. ಮೂರು ನಿಮಿಷದ ಮೇಲೆ ಇಳಿಯಲು ಹಿಡಿಯಿತು. ಎಂಜಿನ್ ಪೂರ್ತಿ ಬಿಸಿಯಾಗಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ನಿಧಾನಕ್ಕೆ ಬಿಟ್ಟಾಗ ಹನ್ನೆರಡರಲ್ಲಿ ನಿಂತಿತು.

ಕಾರಿನ ಜೊತೆ ಬಂದ ಹಳೇ ಪುಸ್ತಕದಲ್ಲಿ ಅಲ್ಲಿ ಇಪ್ಪತ್ತು ಪೌಂಡ್ ಇರಬೇಕು ಎಂದಿತ್ತು. ಟೀಚರು ಪುಸ್ತಕ ಮುಚ್ಚಿ, "ಇಪ್ಪತ್ತು ಆಗುವವರೆಗೆ ಕಾರು ಗೇಟು ದಾಟುವುದಿಲ್ಲ" ಎಂದರು.

ಹನ್ನೆರಡು ಎಂದರೆ ಎಂತ ಎಂದು ನನಗೆ ಕೂಡಲೇ ಗೊತ್ತಾಯಿತು. ಎಲ್ಲೋ ಒಂದು ಸಂದು ದೊಡ್ಡದಿದೆ, ಕ್ರ್ಯಾಂಕ್ ದುಂಡಗಿಲ್ಲ, ನನ್ನ ಉಗುರು ತಪ್ಪಿದೆ. ಮತ್ತೆ ಎಂಜಿನ್ ಇಳಿಸಬೇಕು, ಕ್ರ್ಯಾಂಕನ್ನು ಲೇತಿಗೆ ಕಳಿಸಿ ಉಜ್ಜಿಸಬೇಕು. ಮೂರು ವಾರದ ಕೆಲಸ. ಅದೇ ಸಂಜೆ ಬೋಟಿನ ಮಾಲಕ ಉಮೇಶ ಫೋನು ಮಾಡಿದ. "ದಾಮಣ್ಣ, ಎಲ್ಲಿದ್ದಿ ಮಾರಾಯ? ಹದಿನೈದು ದಿನದಲ್ಲಿ ಬೋಟು ಇಳಿಸ್ಲಿಕ್ಕುಂಟು. ಎಂಜಿನ್ ಇನ್ನೂ ಬಿಚ್ಚಿಟ್ಟದ್ದು ಹಾಗೇ ಉಂಟು. ಆ ಟೀಚರ ಗೊಂಬೆ ಕಾರು ಬಿಟ್ಟು ಬಾ."

ಸಮಯ ಇರಲಿಲ್ಲ ಎನ್ನುವುದು ನೆಪ. ಕ್ರ್ಯಾಂಕ್ ಇಳಿಸಿ ಶೆಡ್ಡಿನಲ್ಲಿಟ್ಟು, ಆಗಸ್ಟಿನ ಭಾನುವಾರಗಳಲ್ಲಿ ಬಂದು ಮುಗಿಸಬಹುದಿತ್ತು. ಟೀಚರು ಕಾಯುತ್ತಿದ್ದರು, ಅವರು ಮೂವತ್ತು ವರ್ಷ ಕಾದವರು. ನನಗೆ ಆಗದೇ ಹೋದದ್ದು ಒಂದು ಮಾತು: ಟೀಚರ್, ನನ್ನ ಕೈಯ ಅಳತೆ ತಪ್ಪಿತು. ಬೇರೆ ಯಾರ ಎದುರಾದರೂ ಹೇಳಿಬಿಡುತ್ತಿದ್ದೆನೋ ಏನೋ. ನನ್ನ ಕೈಯನ್ನು ನೋಟ್‌ಬುಕ್ಕಿನಲ್ಲಿ ಬರೆದವರ ಎದುರು ಆಗಲಿಲ್ಲ.

ದಕ್ಕೆಯಲ್ಲಿ ನಮ್ಮದೊಂದು ಹಳೇ ಉಪಾಯ ಉಂಟು. ಸೀಸನ್ನಿನ ಮಧ್ಯದಲ್ಲಿ ಬೋಟಿನ ಎಣ್ಣೆ ಮುಳ್ಳು ಇಳಿದರೆ, ಎಂಜಿನ್ ಬಿಚ್ಚಿದರೆ ಮೀನು ಹೋಗುತ್ತದೆಂದು, ಗೇರಿಗೆ ಹಾಕುವ ಅಂಟಿನಂಥ ದಪ್ಪ ಎಣ್ಣೆಯನ್ನು ಎಂಜಿನ್ನಿಗೆ ಬೆರೆಸಿಬಿಡುವುದು. ಮುಳ್ಳು ಏರುತ್ತದೆ. ಬೋಟಿನ ಎಂಜಿನ್ ಒಮ್ಮೆ ಶುರುವಾದರೆ ದಿನಗಟ್ಟಲೆ ಒಂದೇ ವೇಗದಲ್ಲಿ ಓಡುತ್ತದೆ, ಬಿಸಿ ಆರುವುದೇ ಇಲ್ಲ, ಹಾಗಾಗಿ ದಪ್ಪ ಎಣ್ಣೆಯಲ್ಲೂ ಹೇಗೋ ಮಳೆಗಾಲದವರೆಗೆ ಬದುಕುತ್ತದೆ. ಕಾರು ಹಾಗಲ್ಲ. ತಣ್ಣಗಾಗುತ್ತದೆ, ಮತ್ತೆ ಶುರುವಾಗುತ್ತದೆ. ಇದು ನನಗೆ ಗೊತ್ತಿತ್ತು. ಪತ್ರೊಡೆ ತಿನ್ನಿಸಿ ಟೀಚರೇ ಹೇಳಿಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ಅವರು ಪೂಜೆಗೆ ಒಳಗೆ ಹೋಗಿದ್ದಾಗ ಹಳೇ ಎಣ್ಣೆಯ ಅರ್ಧ ಇಳಿಸಿ, ಚೀಲದಲ್ಲಿ ತಂದಿದ್ದ ದಪ್ಪ ಎಣ್ಣೆ ಸುರಿದೆ. ಬಿಸಿಯಾದ ಮೇಲೆ ಮುಳ್ಳು ಇಪ್ಪತ್ತೆರಡರಲ್ಲಿ ನಿಂತಿತು.

ಟೀಚರು ತುಂಬಾ ಹೊತ್ತು ಅದನ್ನೇ ನೋಡಿದರು. "ಹೇಗೆ ಏರಿತು?"

"ಹೊಸ ಬೇರಿಂಗ್ ಅಲ್ವಾ ಟೀಚರ್, ಓಡಿ ಓಡಿ ಸರಿ ಕೂರ್ತದೆ."

"ಎಣ್ಣೆ ಅದೇ ಅಲ್ವಾ?"

"ಅದೇ."

"ಇವತ್ತು ಅರವತ್ತರಿಂದ ಇಳಿಯಲಿಕ್ಕೆ ಎಂಟು ನಿಮಿಷ ತೆಗೆದುಕೊಂಡಿತು. ನಿನ್ನೆ ಮೂರೇ ನಿಮಿಷ."

"ಮಳೆಯ ಚಳಿ" ಎಂದೆ.

ಅವರು ಎಂಟು ಎಂದು ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದರು. ಆಮೇಲೆ ಎದ್ದು ಒಳಗೆ ಹೋಗಿ, ಕಪಾಟಿನಲ್ಲಿ ಎತ್ತಿಟ್ಟಿದ್ದ ಅಪ್ಪನ ಕಾಲದ ಕೀಲಿಗೊಂಚಲು ತಂದರು. ಅಲ್ಲಿಯವರೆಗೆ ನಾನು ವಯರು ಮುಟ್ಟಿಸಿ ಎಂಜಿನ್ ಶುರು ಮಾಡುತ್ತಿದ್ದೆ.

ಆ ಗುರುವಾರ ಹೊರಟೆವು. ಆಟಿ ತಿಂಗಳ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಟೀಚರು ನೀಲಿ ರೇಷ್ಮೆ ಸೀರೆ ಉಟ್ಟಿದ್ದರು, ಮೇಲೆ ಅದೇ ರೈನ್‌ಕೋಟು. ಎಂಜಿನ್ ಶುರು ಮಾಡಿ ಐದು ನಿಮಿಷ ಕಾದರು, ಮುಳ್ಳು ಅರವತ್ತು ಬಿಟ್ಟು ಇಳಿಯಲಿಲ್ಲ. "ಕಾದದ್ದು ಸಾಕಾ ದಾಮಣ್ಣ?" ಎಂದು ಕೇಳಿದರು. "ಸಾಕು ಟೀಚರ್" ಎಂದೆ. ಅವರಷ್ಟು ಚೆನ್ನಾಗಿ ಕಾರು ಓಡಿಸುವವರನ್ನು ನಾನು ಕಡಿಮೆ ನೋಡಿದ್ದೇನೆ. ಗೇರು ಬದಲಿಸಿದ್ದು ಕಾಲಿಗೂ ಗೊತ್ತಾಗುತ್ತಿರಲಿಲ್ಲ. ಕಂಕನಾಡಿಯಲ್ಲಿ ಒಬ್ಬ ರಿಕ್ಷಾದವನು ತಲೆ ಹೊರಹಾಕಿ, "ಅಜ್ಜಿ, ಮಾರ್ತೀರಾ?" ಎಂದ. "ನಿನ್ನ ರಿಕ್ಷಾ ಕೊಡ್ತೀಯಾ ಬದಲಿಗೆ?" ಎಂದರು ಟೀಚರು. ಪಂಪ್‌ವೆಲ್ಲಿನ ಲಾರಿಗಳ ನಡುವೆ ಹುಡುಗಿಯ ಹಾಗೆ ನಗುತ್ತಾ ದಾಟಿದರು.

ಸೇತುವೆಯ ನಟ್ಟನಡುವೆ ಎಂಜಿನ್ನಿನ ಒಳಗಿಂದ ಶಬ್ದ ಬಂತು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ ಹಾಗೆ ಟಕ್, ಟಕ್, ಟಕ್. ನಾನು ಬಾಯಿ ತೆರೆಯುವ ಮೊದಲೇ ಟೀಚರು ಕೀಲಿ ತಿರುಗಿಸಿ ಎಂಜಿನ್ ಆರಿಸಿದ್ದರು. ಕಾರು ಉಳಿದ ವೇಗದಲ್ಲಿ ಸ್ವಲ್ಪ ದೂರ ಹೋಗಿ ಬದಿಗೆ ನಿಂತಿತು. ಕೆಳಗೆ ನೇತ್ರಾವತಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಲಾರಿ ಹೋದಾಗಲೆಲ್ಲ ಸೇತುವೆ ನಡುಗುತ್ತಿತ್ತು.

"ಮುಳ್ಳು ನಲವತ್ತೈದರಲ್ಲಿತ್ತು" ಎಂದರು ಟೀಚರು. "ನಾನು ಸರಿಯಾಗಿ ನೋಡಿದ್ದೇನೆ. ನಲವತ್ತೈದು ಇರುವಾಗ ಬೇರಿಂಗ್ ಹೇಗೆ ಹೋಗ್ತದೆ?"

ಆಗ ನಾನು ಹೇಳಿದ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ. "ಟೀಚರ್, ನೀವು ಸ್ವಲ್ಪ ಆತುರ ಮಾಡಿದಿರಿ ಅಂತ ಕಾಣ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಎಳೆದಿರಿ."

ಅವರು ತಿರುಗಿ ನನ್ನನ್ನು ನೋಡಲಿಲ್ಲ. ಎರಡು ಕೈಯೂ ಸ್ಟೇರಿಂಗ್ ಮೇಲೆಯೇ ಇದ್ದವು. "ಹೌದು" ಎಂದರು. "ಸೇತುವೆ ಕಾಣುವ ಆಸೆ ಹೆಚ್ಚಾಯಿತು."

ಟೆಂಪೋಗೆ ಕಟ್ಟಿ ಕಾರನ್ನು ವಾಪಸ್ ಎಳೆಸಿದೆವು. ತೊಕ್ಕೊಟ್ಟಿನ ಚಾ ಕುಡಿಯಲಿಲ್ಲ. ಶೆಡ್ಡಿನಲ್ಲಿ ನಾನು ಎಣ್ಣೆಯನ್ನು ಒಂದು ಡಬ್ಬಿಗೆ ಇಳಿಸುವಾಗ ಟೀಚರು ಒಂದು ಬಾಟಲಿ ಹಿಡಿದು ಬಂದರು. "ಸ್ವಲ್ಪ ಇದರಲ್ಲಿ ಹಾಕಿ, ನೋಡುವ." ಬಾಟಲಿಗೆ ಹಾಕಿದರೆ ದಪ್ಪ ಗೊತ್ತಾಗುತ್ತಿತ್ತು. ನಾನು ಕಾಲಿನಿಂದ ಡಬ್ಬಿ ಉರುಳಿಸಿ, "ಅಯ್ಯೋ, ಚೆಲ್ಲಿತು" ಎಂದೆ. ಎಣ್ಣೆ ಮಳೆನೀರಿನ ಜೊತೆ ಅಂಗಳಕ್ಕೆ ಹರಿದು ಹೋಯಿತು. ಅವರು ನೋಟ್‌ಬುಕ್ ತೆರೆದು, "ಕಾರಣ: ಓಡಿಸಿದವಳ ಆತುರ" ಎಂದು ಬರೆದದ್ದನ್ನು ನಾನು ಪಕ್ಕದಲ್ಲಿ ನಿಂತು ಓದಿದೆ. ಮರುದಿನದಿಂದ ದಕ್ಕೆಗೆ ಹೋದೆ. ಮತ್ತೆ ಮಣ್ಣಗುಡ್ಡದ ಕಡೆ ಕಾಲು ಹಾಕಲಿಲ್ಲ.

ಬಿಜೈಯಲ್ಲಿ ಆ ಮದುವೆಯ ಕಾರು ನೋಡಿ ಬಂದ ದಿನ ಊಟ ಸೇರಲಿಲ್ಲ. ಲೀಲಾ ಕೇಳಿದಳು. ಮೊದಲ ಸಲ ಎಲ್ಲವನ್ನೂ ಹೇಳಿದೆ. ಅವಳು ಮೀನು ಕೊಯ್ಯುವುದನ್ನು ನಿಲ್ಲಿಸಲಿಲ್ಲ. "ಇಷ್ಟು ವರ್ಷ ಆ ಮಣ್ಣಗುಡ್ಡದ ದಾರಿಯಲ್ಲಿ ಬಸ್ಸು ಬೇಡ ಅಂತ ಸುತ್ತು ಹಾಕಿ ಹೋಗ್ತಿದ್ದದ್ದು ಇದಕ್ಕಾ?"

"ಹೌದು."

"ಒಳ್ಳೆಯ ಹೆಂಗಸು. ನಾನು ಒಂದು ಸಲ ಅವರಿಗೆ ಬಂಗುಡೆ ಕಳಿಸ್ತೇನೆ ಅಂದದ್ದಕ್ಕೆ ನೀವು ಅವರು ಮೀನು ತಿನ್ನುವುದಿಲ್ಲ ಅಂದಿರಿ. ಈಗ ಎಂತ ತಕ್ಕೊಂಡು ಹೋಗ್ತೀರಿ?"

"ಗೊತ್ತಿಲ್ಲ."

"ಖಾಲಿ ಕೈಯಲ್ಲೇ ಹೋಗಿ" ಎಂದಳು. "ಆ ಕೈಯೇ ಅಲ್ವಾ ಮಾಡಿದ್ದು."

ಮರುದಿನ ಬೆಳಿಗ್ಗೆ ಹೋದೆ. ಗೇಟಿನ ಬಳಿ ಸಣ್ಣ ಹೊಸ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಕೆಸುವಿನ ಗಿಡ ಬೆಳೆದಿತ್ತು. ಟೀಚರು ಜಗಲಿಯಲ್ಲಿ ಕೂತಿದ್ದರು, ನನ್ನ ಮುಖದ ಕಡೆ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿದರು. ಆಮೇಲೆ ಗೊತ್ತಾಯಿತು, ಅವರ ಕಣ್ಣಿನ ನಟ್ಟನಡುವೆ ಒಂದು ಮಸುಕು ಬಂದಿದೆ, ಅಂಚಿನಿಂದ ಮಾತ್ರ ಕಾಣುತ್ತದೆ. ನನ್ನ ಧ್ವನಿಯಿಂದ ಗುರುತು ಹಿಡಿದರು. "ದಾಮಣ್ಣ. ಬದುಕಿದ್ದೀರಲ್ಲ. ಕೂತುಕೊಳ್ಳಿ."

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಉಗುರಿನ ಅಳತೆ, ಹನ್ನೆರಡು, ದಪ್ಪ ಎಣ್ಣೆ, ಸೇತುವೆಯ ಮೇಲಿನ ಮಾತು, ಕಾಲಿನಿಂದ ಉರುಳಿಸಿದ ಡಬ್ಬಿ, ಏನನ್ನೂ ಬಿಡಲಿಲ್ಲ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಇಲ್ಲವೇ ಅಳುತ್ತಾರೆ ಎಂದು. ಟೀಚರ ಮುಖ ಬೆಳಗಿತು. "ಎಂಟು ನಿಮಿಷ" ಎಂದರು. "ನೋಡಿ, ಆ ಎಂಟು ನಿಮಿಷ. ದಪ್ಪ ಎಣ್ಣೆ ತೆಳುವಾಗಲಿಕ್ಕೆ ಹೆಚ್ಚು ಹೊತ್ತು ಬೇಕು, ಅಲ್ವಾ? ಅದೊಂದು ಮಾತ್ರ ನನಗೆ ಯಾವುದಕ್ಕೂ ಹೊಂದ್ತಿರಲಿಲ್ಲ. ಎಷ್ಟು ಸಲ ಯೋಚಿಸಿದ್ದೇನೆ ಗೊತ್ತುಂಟಾ? ಈಗ ಎಲ್ಲ ಸರಿ ಕೂತಿತು." ತೊಡೆಗೆ ಕೈ ತಟ್ಟಿ ನಕ್ಕರು. ಹೊಸ ಪಾಠ ಅರ್ಥವಾದವರ ನಗು ಅದು. ನಾನು ಕೊಟ್ಟ ಒಂದು ಸುಳ್ಳು ಅಂಕಿ ಇಟ್ಟುಕೊಂಡು ಅವರು ಎಂಟು ವರ್ಷ ಸರಿಯಾದ ಲೆಕ್ಕ ಮಾಡುತ್ತಲೇ ಇದ್ದರು.

ನಗು ನಿಂತಿತು. ಕೆಸುವಿನ ಎಲೆಯ ಮೇಲೆ ನೀರು ಜಾರುತ್ತಿತ್ತು.

"ಆ ದಿನದ ಮೇಲೆ ನಾನು ಸ್ಟೇರಿಂಗ್ ಮುಟ್ಟಲಿಲ್ಲ ದಾಮಣ್ಣ" ಎಂದರು. "ಸಣ್ಣ ಕಾರೂ ಮಾರಿದೆ. ಆತುರದವಳು ರಸ್ತೆಗೆ ಇಳಿಯಬಾರದು ಅಂತ. ಅಪ್ಪ ಹೇಳಿದ್ದೇ ಸರಿ ಇತ್ತೇನೋ ಅಂತಲೂ ಅನ್ನಿಸಿತ್ತು. ಕಣ್ಣು ಹೀಗಾದದ್ದು ಹೋದ ವರ್ಷ. ಅದಕ್ಕೆ ಮೊದಲು ಏಳು ವರ್ಷ ಚೆನ್ನಾಗಿಯೇ ಕಾಣ್ತಿತ್ತು."

ನಾನು ಜಗಲಿಯ ಮೆಟ್ಟಿಲಲ್ಲಿ ಕೂತೆ.

ಅವರು ಎದ್ದು ಗೋಡೆ ಹಿಡಿದು ಒಳಗೆ ಹೋಗಿ, ನೋಟ್‌ಬುಕ್ ಮತ್ತು ಒಂದು ಕೆಂಪು ಪೆನ್ನು ತಂದು ನನ್ನ ಎದುರು ಇಟ್ಟರು. "ತಿದ್ದಿ. ನಿಮ್ಮ ಕೈಯಲ್ಲೇ."

ನಾನು "ಓಡಿಸಿದವಳ ಆತುರ" ಎನ್ನುವುದನ್ನು ಹೊಡೆದು ಹಾಕಿ, ಕೆಳಗೆ ಬರೆದೆ: ಕ್ರ್ಯಾಂಕ್ ಅಳೆಯದೆ ಹಾಕಿದ್ದು ನಾನು, ದಪ್ಪ ಎಣ್ಣೆ ಹಾಕಿ ಮುಳ್ಳು ಏರಿಸಿದ್ದು ನಾನು, ಸುಳ್ಳು ಹೇಳಿದ್ದು ನಾನು. ಓದಿ ಹೇಳಲು ಹೇಳಿದರು. ಓದಿದೆ.

"ಎಣ್ಣೆಯ ದಪ್ಪದ ನಂಬರು?"

"ತೊಂಬತ್ತು."

"ಅದನ್ನೂ ಬರೆಯಿರಿ."

ಬರೆದೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹೊರಡುವಾಗ, "ಬೋಟಿಗೆ ರಜೆ ಶುರುವಾಗ್ತದಲ್ಲ?" ಎಂದು ಕೇಳಿದರು. ನಾನು ಬೋಟಿನ ಕೆಲಸ ಬಿಟ್ಟು ಎರಡು ವರ್ಷವಾಯಿತು ಎಂದೆ. "ಹಾಗಾದರೆ ಸೋಮವಾರ ಬನ್ನಿ" ಎಂದರು.

ಜೂನಿನಲ್ಲಿ ಕೆಲಸ ಹಿಡಿದೆ. ಬಿಸ್ಕೆಟ್ ಡಬ್ಬಿಗಳು ಹಾಗೆಯೇ ಇದ್ದವು. ಈ ಸಲ ಕ್ರ್ಯಾಂಕನ್ನು ಲೇತಿಗೆ ಒಯ್ದು, ಉಜ್ಜಿಸಿ, ಅಳೆಯುವ ಉಪಕರಣ ಹಿಡಿದು ಮೂರು ಸಲ ಅಳೆದೆ. ಟೀಚರು ಅದೇ ಕುರ್ಚಿಯಲ್ಲಿ ಕೂತು ಅಡಿಪಟ್ಟಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಾರೆ. ಕಣ್ಣು ಮಸುಕಾದ ಮೇಲೆ ಅವರ ಕಿವಿ ಇನ್ನೂ ಚುರುಕಾಗಿದೆ. ಒಂದು ದಿನ ಯಾವುದೋ ನಟ್ಟು ಅರ್ಧ ಸುತ್ತು ಸಡಿಲವಿದೆ ಎಂದರು, ಇತ್ತು. ಸೇತುವೆಯ ವಿಚಾರ ಬಂದಾಗ, "ಓಡಿಸುವ ಆಸೆ ನನಗುಂಟು, ಕಣ್ಣಿಗೆ ಇಲ್ಲ. ನೀವು ಓಡಿಸಿ, ನಾನು ಪಕ್ಕದಲ್ಲಿ ಕೂತು ತಪ್ಪು ಹಿಡಿಯುತ್ತೇನೆ" ಎಂದರು. ಇಪ್ಪತ್ತರ ನಿಯಮ ಮಾತ್ರ ಹಾಗೆಯೇ ಉಂಟು.

ನಿನ್ನೆ ಎಂಜಿನ್ ಶುರು ಮಾಡಿದೆವು. ಮುಕ್ಕಾಲು ಗಂಟೆ ಓಡಿಸಿ, ಪೂರ್ತಿ ಬಿಸಿ ಮಾಡಿ, ನಿಧಾನಕ್ಕೆ ಬಿಟ್ಟೆ. ಟೀಚರು ಕಿಟಕಿಯಿಂದ ತಲೆ ಒಳಗೆ ಹಾಕಿ ಮೀಟರಿನ ಕಡೆ ಮುಖವನ್ನು ಆಚೆ ಈಚೆ ತಿರುಗಿಸಿದರು. "ದುಂಡು ಕಾಣ್ತದೆ. ಮುಳ್ಳು ಕಾಣುವುದಿಲ್ಲ, ಅದು ಮಸುಕಿನ ಒಳಗೇ ಹೋಗ್ತದೆ" ಎಂದರು. ಆಮೇಲೆ ನೋಟ್‌ಬುಕ್ಕನ್ನೂ ಪೆನ್ನನ್ನೂ ನನ್ನ ಕೈಗೆ ಕೊಟ್ಟು ಕೇಳಿದರು: "ಎಷ್ಟುಂಟು ದಾಮಣ್ಣ?"

ನಾನು ಮೂರು ಸಲ ನೋಡಿದೆ. ಗಾಜನ್ನು ಬೆರಳಿನಿಂದ ತಟ್ಟಿದೆ. ಅಂಗಳದಲ್ಲಿ ಬಿಸಿಲಿತ್ತು, ಗೇಟು ತೆರೆದಿತ್ತು, ಟೀಚರು ಆಗಲೇ ನೀಲಿ ಸೀರೆ ಉಟ್ಟಿದ್ದರು.

"ಹದಿನೆಂಟು ಟೀಚರ್" ಎಂದೆ.

"ಹದಿನೆಂಟೇ?"

"ಹದಿನೆಂಟೇ."

ಅವರು ಸ್ವಲ್ಪ ಹೊತ್ತು ಎಂಜಿನ್ನಿನ ಸದ್ದು ಕೇಳುತ್ತಾ ನಿಂತರು. "ಬರೆಯಿರಿ" ಎಂದರು. ಬರೆದೆ. ಆಮೇಲೆ ಅವರು ರೈನ್‌ಕೋಟು ತರಲು ಒಳಗೆ ಹೋದರು, ನಾನು ಗೇಟು ಹಾಕಿ ಬಂದು, ಎಂಜಿನ್ ಮತ್ತೆ ಬಿಚ್ಚಬೇಕೆಂದು ಎಣ್ಣೆ ಇಳಿಸಲು ಕಾರಿನ ಅಡಿಗೆ ಹೋದೆ. ಇಳಿಸುವ ಮೊದಲು ಒಂದು ಬಾಟಲಿ ತೊಳೆದು ಅವರ ಕುರ್ಚಿಯ ಪಕ್ಕ ಇಟ್ಟೆ.